ಗೋಡೆಗೆ ವಿಧೇಯವಾಗದ ದಾರದ ಕುರಿತು

ಸಂಖ್ಯೆ: ಶಾಲೆ/ಭೌತ/ದಾರ/೦೭/ಅತಿ ತುರ್ತು

ವಿಷಯ: ಭೌತಶಾಸ್ತ್ರದ "ನೀವೇ ಮಾಡಿ, ನೀವೇ ಕಲಿಯಿರಿ" ಚಟುವಟಿಕೆಯಡಿ ವಿದ್ಯಾರ್ಥಿನಿಯೊಬ್ಬಳು ತಾನೇ ಮಾಡಿ, ತಾನೇ ಕಲಿತಿರುವುದರಿಂದ ಉಂಟಾಗಿರುವ ಪರಿಸ್ಥಿತಿ.

ಉಲ್ಲೇಖ:
(ಅ) ಈ ಕಚೇರಿಯ ಹಿಂದಿನ ಸುತ್ತೋಲೆ: ಮಕ್ಕಳು ಕೈಯಾರೆ ಪ್ರಯೋಗ ಮಾಡತಕ್ಕದ್ದು.
(ಆ) ಸದರಿ ಸುತ್ತೋಲೆಗೆ ತಿದ್ದುಪಡಿ: ಮಾಡದಿದ್ದರೂ ನಡೆಯುತ್ತದೆ.
(ಇ) ಮುಖ್ಯೋಪಾಧ್ಯಾಯರ ದೂರವಾಣಿ ಕರೆ, ಬಿಕ್ಕಳಿಕೆ ಸಹಿತ.

ದಾರವನ್ನು ಕತ್ತರಿಸಲೆಂದು ಕುರ್ಚಿ ಹತ್ತಿದ ಮುಖ್ಯೋಪಾಧ್ಯಾಯರು ಕುರ್ಚಿಯ ಸಮೇತ ಕಿಟಕಿಯ ಕಡೆಗೆ ಜಾರುತ್ತಿದ್ದು, ಕತ್ತರಿ ಅವರ ಕೈಯಲ್ಲಿಯೂ ದಾರ ತನ್ನ ಜಾಗದಲ್ಲಿಯೂ ಇರುವುದರಿಂದ, ಈ ಕೆಳಕಂಡಂತೆ ಆದೇಶಿಸುವುದು ಅನಿವಾರ್ಯವಾಗಿದೆ.

೧. ಇಲ್ಲಿಯವರೆಗೆ ಶಾಲೆಗಳಲ್ಲಿ ಭೌತಶಾಸ್ತ್ರದ ಕೈಚಟುವಟಿಕೆಗಳು ಶಾಂತಿಯುತವಾಗಿ ನಡೆದುಕೊಂಡು ಬಂದಿರುತ್ತವೆ. ಅಪ್ಪಂದಿರು ಸ್ಟೇಷನರಿ ಅಂಗಡಿಯಿಂದ ತಂದ ಥರ್ಮಕೋಲಿನ ಸೌರಮಂಡಲ, ಗುಂಡಿ ಒತ್ತಿದರೂ ಉರಿಯದ ಬಲ್ಬು, ತಿರುಗದ ಗಾಳಿಯಂತ್ರ ಮುಂತಾದವುಗಳನ್ನು ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆದು, ಧೂಳು ಒರೆಸಿ, ಹೆಸರಿನ ಚೀಟಿ ಬದಲಿಸಿ, ಬಹುಮಾನ ಕೊಟ್ಟು, ಪುನಃ ಬೀರುವಿನಲ್ಲಿಡಲಾಗುತ್ತಿತ್ತು. ಇವುಗಳಲ್ಲಿ ಯಾವುದೂ ಈವರೆಗೆ ಕೆಲಸ ಮಾಡಿದ ನಿದರ್ಶನ ಇರುವುದಿಲ್ಲ.

೨. ಹೀಗಿರುವಲ್ಲಿ, ಒಂಬತ್ತನೇ ತರಗತಿಯ, ಎತ್ತರ ಕಡಿಮೆ ಇರುವ ಕಾರಣಕ್ಕೆ ಎಲ್ಲರಿಂದಲೂ 'ಚೋಟು' ಎಂದು ಕರೆಯಲ್ಪಡುವ ವಿದ್ಯಾರ್ಥಿನಿಯು, ಮನೆಯಲ್ಲಿ ಕೀಲಿ ಕಳೆದುಹೋಗಿ ಬಿದ್ದಿದ್ದ ಹಳೆಯ ಬೀಗವೊಂದನ್ನು ದಾರಕ್ಕೆ ಕಟ್ಟಿ, ಹೊಸ ಕಟ್ಟಡದ ಮೊದಲ ಕೋಣೆಯ ಚಾವಣಿಯ ಕೊಕ್ಕೆಗೆ ನೇತುಹಾಕಿ, ಕೆಳಗೆ "ಭೂಮಿ ಯಾವ ಕಡೆಗೆ ಎಳೆಯುತ್ತದೆ?" ಎಂದು ರಟ್ಟಿನ ಮೇಲೆ ಬರೆದು ನಿಲ್ಲಿಸಿರುತ್ತಾಳೆ. ಇಷ್ಟಕ್ಕೇ ನಿಂತಿದ್ದರೆ ಇಲಾಖೆಯು ಕಣ್ಣುಮುಚ್ಚಿ ಕೂರಲು ಸಿದ್ಧವಿತ್ತು. ಆದರೆ ದಾರವು ಮೇಲ್ಗಡೆ ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿಯೂ, ಕೆಳಗಡೆ ಒಂದು ಗೇಣು ದೂರದಲ್ಲಿಯೂ ಇರುವುದು ಕಂಡುಬಂದಿದೆ. ಅಂದರೆ, ದಾರವು ಗೋಡೆಯ ಮಾತು ಕೇಳುತ್ತಿಲ್ಲ.

೩. ಸದರಿ ಕೋಣೆಯನ್ನು ಬರುವ ವಾರ ಗಣ್ಯರು ಉದ್ಘಾಟಿಸಲಿದ್ದು, ಮರುದಿನದಿಂದಲೇ ಒಂದನೇ ತರಗತಿಯನ್ನು ಅಲ್ಲಿಗೆ ಸ್ಥಳಾಂತರಿಸಲು ಆದೇಶವಾಗಿದೆ. ಚೋಟುವಿನ ತಂಗಿ ಒಂದನೇ ತರಗತಿಯಲ್ಲಿದ್ದು, ಗೋಡೆಯ ಪಕ್ಕದ ಬೆಂಚು ಆಕೆಗೆ ಮಂಜೂರಾಗಿರುತ್ತದೆ. ವಿದ್ಯಾರ್ಥಿನಿಯ ವೈಜ್ಞಾನಿಕ ಆಸಕ್ತಿಯ ಹಿಂದೆ ಈ ಬಗೆಯ ಕೌಟುಂಬಿಕ ಸ್ವಾರ್ಥವಿರುವುದನ್ನು ಇಲಾಖೆಯು ವಿಷಾದದಿಂದ ಗಮನಿಸಿದೆ.

೪. ಘಟನೆಯ ದಿನ ಕೋಣೆಯಲ್ಲಿ ನಡೆದ ಮಾತುಕತೆಯನ್ನು, ಇಲಾಖೆಯ ಕಡತಗಳಲ್ಲಿ ಮಾತುಕತೆಗೆ ಅವಕಾಶವಿಲ್ಲದಿದ್ದರೂ, ವಿಶೇಷ ಪ್ರಕರಣವೆಂದು ಪರಿಗಣಿಸಿ ಇದ್ದದ್ದು ಇದ್ದ ಹಾಗೆ ನಮೂದಿಸಲಾಗಿದೆ:

ಮುಖ್ಯೋಪಾಧ್ಯಾಯರು: "ಏನಮ್ಮ ಇದು, ದಾರ ಸೊಟ್ಟ ಕಟ್ಟಿದ್ದೀಯ?"

ಚೋಟು: "ದಾರಕ್ಕೆ ಸೊಟ್ಟ ಇರೋಕೆ ಬರಲ್ಲ ಸರ್. ಭೂಮಿ ಎಳೆಯುತ್ತೆ."

ಮುಖ್ಯೋಪಾಧ್ಯಾಯರು: "ಅಂದ್ರೆ ಗೋಡೆ ಸೊಟ್ಟ ಅಂತೀಯಾ?"

ಚೋಟು: "ನಾನೆಲ್ಲಿ ಅಂದೆ ಸರ್? ಬೀಗ ಅಂತಿದೆ."

ಮುಖ್ಯೋಪಾಧ್ಯಾಯರು: "ಅಬ್ಬಬ್ಬಾ, ಇರೋದು ಚೋಟುದ್ದ, ಬಾಯಿ ನೋಡು!"

ವಿಜ್ಞಾನದ ಮೇಡಂ: "ಅವಳನ್ನ ಯಾಕೆ ಬೈತೀರಿ ಸರ್? ಮಾಡು ಅಂತ ಹೇಳಿದ್ದು ನಾನೇ."

ಮುಖ್ಯೋಪಾಧ್ಯಾಯರು: "ಮಾಡು ಅಂದ್ರೆ ಮಾಡಿಬಿಡೋದಾ ಮೇಡಂ? ಹೇಳೋರಿಗೆ ಬುದ್ಧಿ ಇಲ್ದಿದ್ರೆ, ಕೇಳೋರಿಗಾದ್ರೂ ಬೇಡ್ವಾ?"

೫. ವಿಷಯದ ಗಂಭೀರತೆಯನ್ನು ಮನಗಂಡು ಉನ್ನತ ಮಟ್ಟದ ತನಿಖಾ ಸಮಿತಿಯನ್ನು ರಚಿಸಲಾಯಿತು. ಗೋಡೆಯನ್ನು ಹತ್ತಿರದಿಂದ ಬಲ್ಲವರು ಅದನ್ನು ಕಟ್ಟಿಸಿದ ಗುತ್ತಿಗೆದಾರರೊಬ್ಬರೇ ಆದ್ದರಿಂದ ಅವರನ್ನೇ ಸಮಿತಿಯ ಅಧ್ಯಕ್ಷರನ್ನಾಗಿ ನೇಮಿಸಲಾಯಿತು. ಅವರು ಕೆಳಗೆ ಸಹಿ ಮಾಡಿರುವವರ ಭಾವಮೈದನಾಗಿರುವುದು ಕೇವಲ ಮದುವೆಯಿಂದಾದ ಸಂಗತಿಯಾಗಿದ್ದು, ಆ ಮದುವೆಯು ಟೆಂಡರಿಗಿಂತ ಬಹಳ ಹಿಂದೆಯೇ ನಡೆದಿರುತ್ತದೆ.

೬. ಸಮಿತಿಯು ಕೋಣೆಗೆ ಖುದ್ದಾಗಿ ಭೇಟಿ ನೀಡಿ ವೈಜ್ಞಾನಿಕವಾಗಿ ಪರಿಶೀಲಿಸಿದೆ. ಗೋಡೆಯನ್ನು ಬಾಗಿಲ ಚೌಕಟ್ಟಿನೊಂದಿಗೆ ಹೋಲಿಸಿ ನೋಡಲಾಗಿ, ಎರಡೂ ಒಂದೇ ನೇರಕ್ಕಿದ್ದವು. ಚೌಕಟ್ಟನ್ನು ಬೀರುವಿನೊಂದಿಗೆ ಹೋಲಿಸಲಾಗಿ, ಅವೂ ಒಂದೇ ನೇರಕ್ಕಿದ್ದವು. ಬೀರುವನ್ನು ಪುನಃ ಗೋಡೆಯೊಂದಿಗೆ ಹೋಲಿಸಲಾಗಿ, ಸಂಪೂರ್ಣ ಒಮ್ಮತ ಕಂಡುಬಂದಿತು. ಇಡೀ ಕೋಣೆ ಒಂದು ಮಾತಿಗೆ ನಿಂತಿರುವಾಗ ಬೇರೆ ರಾಗ ಎಳೆಯುತ್ತಿರುವುದು ದಾರ ಒಂದೇ ಎಂದು ಸಮಿತಿಯು ಬಹುಮತದಿಂದ ತೀರ್ಮಾನಿಸಿತು. "ಕೋಣೆಗೆ ಕೋಣೆನೇ ವಾಲಿದ್ರೆ ಎಲ್ಲಾ ಒಂದೇ ಥರ ಕಾಣ್ಸುತ್ತಲ್ವಾ?" ಎಂದು ವಿಜ್ಞಾನದ ಮೇಡಂ ಕೇಳಿದ್ದು, ಪ್ರಶ್ನೆಯು ಪಠ್ಯಕ್ರಮದ ಹೊರಗಿನದೆಂದು ತಿರಸ್ಕರಿಸಲಾಯಿತು.

೭. ಗೋಡೆಯ ಬಗ್ಗೆ ಅಧ್ಯಕ್ಷರ ಅಭಿಪ್ರಾಯವು ಹೀಗಿದೆ: "ಗೋಡೆ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಸ್ವಲ್ಪ ಬಗ್ಗಿ ನೋಡ್ತಿದೆ ಅಷ್ಟೆ. ಮಕ್ಕಳ ಮೇಲೆ ಪ್ರೀತಿ ಇರೋ ಗೋಡೆ ಅದು." ಈ ಅಭಿಪ್ರಾಯವನ್ನು ಇಲಾಖೆಯು ಯಥಾವತ್ತಾಗಿ ಒಪ್ಪಿದೆ.

೮. ದೋಷವು ಬೀಗದಲ್ಲಿರಬಹುದೇ ಎಂಬ ಸಂದೇಹ ನಿವಾರಣೆಗಾಗಿ, ಅದನ್ನು ಬಿಚ್ಚಿ, ಅದರ ಬದಲಿಗೆ ಈ ಕಚೇರಿಯ ಹಿತ್ತಾಳೆಯ ಮೊಹರನ್ನು ಅದೇ ದಾರಕ್ಕೆ ಕಟ್ಟಿ ಇಳಿಬಿಡಲಾಯಿತು. ಮೊಹರು ಸಹ ಬೀಗ ತೋರಿಸಿದ ಜಾಗವನ್ನೇ ತೋರಿಸಿತು. ಇಷ್ಟು ವರ್ಷ ಇಲಾಖೆಯ ಅನ್ನ ತಿಂದ ಮೊಹರು ಹೀಗೆ ತಿರುಗಿಬಿದ್ದಿರುವುದು ಅಕ್ಷಮ್ಯ. ಅದರ ವಿರುದ್ಧ ಶಿಸ್ತುಕ್ರಮ ಜರುಗಿಸಲಾಗಿದ್ದು, ವಿಚಾರಣೆ ಮುಗಿಯುವವರೆಗೆ ಯಾವ ಕಾಗದದ ಮೇಲೂ ಅದು ಕೂರತಕ್ಕದ್ದಲ್ಲ. ಆದ್ದರಿಂದಲೇ ಈ ಸುತ್ತೋಲೆಯಲ್ಲಿ ಮೊಹರು ಇರುವುದಿಲ್ಲ.

೯. ಮೇಲ್ಕಂಡ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ಎಲ್ಲ ಶಾಲೆಗಳೂ ಪಾಲಿಸಬೇಕಾದ ನಿಯಮಗಳನ್ನು ಈ ಕೆಳಗೆ ವಿಧಿಸಲಾಗಿದೆ:

(ಕ) ಶಾಲೆಯ ಆವರಣದಲ್ಲಿ ತೂಗುವ ಪ್ರತಿಯೊಂದು ವಸ್ತುವೂ ಹತ್ತಿರದ ಗೋಡೆಗೆ ಸಮಾನಾಂತರವಾಗಿ ತೂಗತಕ್ಕದ್ದು. ಗುರುತ್ವಾಕರ್ಷಣೆ ಹಾಗೂ ಸರ್ಕಾರಿ ಕಟ್ಟಡದ ನಡುವೆ ಭಿನ್ನಾಭಿಪ್ರಾಯ ಬಂದಲ್ಲಿ, ಕಟ್ಟಡದ ಮಾತೇ ಅಂತಿಮ.

(ಖ) ಸದರಿ ಕೋಣೆಯ ಫ್ಯಾನು ಕೂಡ ಒಳಗೊಳಗೇ ದಾರದ ಪಕ್ಷ ವಹಿಸಿರುವುದು ಪತ್ತೆಯಾಗಿದ್ದು, ಅದನ್ನು ಕಳಚಿ ಗೋದಾಮಿಗೆ ವರ್ಗಾಯಿಸಲಾಗಿದೆ. ಸೆಖೆಯಾದವರು ಅರ್ಜಿಯನ್ನು ಲಿಖಿತವಾಗಿ ಸಲ್ಲಿಸಿ, ಅದರ ಪ್ರತಿಯಿಂದ ಗಾಳಿ ಬೀಸಿಕೊಳ್ಳಬಹುದು.

(ಗ) ದುಂಡು ಪೆನ್ಸಿಲು, ಗೋಲಿ, ಚೆಂಡು ಹಾಗೂ ಉರುಳುವ ಸ್ವಭಾವದ ಇತರ ವಸ್ತುಗಳನ್ನು ಕೋಣೆಯೊಳಗೆ ತರುವುದನ್ನು ನಿಷೇಧಿಸಿದೆ. ನೆಲವು ಸಮತಟ್ಟಾಗಿದ್ದು, ಉರುಳುವುದು ಆ ವಸ್ತುಗಳ ದುರಭ್ಯಾಸ.

(ಘ) ಲೋಟದಲ್ಲಿ ನೀರು ತರುವವರು ತುಂಬ ತರಬಾರದು. ಅರ್ಧ ತಂದವರೂ ನೀರಿನ ಮೇಲ್ಮೈಯನ್ನು ದಿಟ್ಟಿಸಿ ನೋಡತಕ್ಕದ್ದಲ್ಲ.

(ಙ) ಉದ್ಘಾಟನೆಯ ದಿನ ಸ್ವಾಗತಗೀತೆ ಹಾಡುವ ಮಕ್ಕಳು ಗೋಡೆ ಬಾಗಿರುವಷ್ಟೇ ಬಾಗಿ ನಿಲ್ಲತಕ್ಕದ್ದು. ಗಣ್ಯರಿಗೆ ಸಂದೇಹ ಬಂದಲ್ಲಿ ಅದು ಅವರ ಮೇಲಿನ ಗೌರವವೆಂದು ತಿಳಿಸತಕ್ಕದ್ದು. ದೈಹಿಕ ಶಿಕ್ಷಣದ ಶಿಕ್ಷಕರು ದಿನಾಲೂ ಬಾಗುವ ತಾಲೀಮು ನಡೆಸಬೇಕು. ಸ್ವಭಾವತಃ ಬಾಗಿಯೇ ಇರುವ ಸಿಬ್ಬಂದಿಗೆ ತಾಲೀಮಿನಿಂದ ವಿನಾಯಿತಿ ಇದೆ.

(ಚ) ಮೂಲೆಯಲ್ಲಿ ಕಾಣಿಸಿಕೊಂಡಿರುವ ಬಿರುಕನ್ನು ನದಿಯೆಂದು ಭಾವಿಸಿ, ಅದರ ಎರಡೂ ಬದಿಗೆ ಬೆಟ್ಟ, ಮರ, ಸೂರ್ಯ ಇತ್ಯಾದಿಗಳನ್ನು ಚಿತ್ರಕಲಾ ಶಿಕ್ಷಕರು ಬಿಡಿಸತಕ್ಕದ್ದು. ನದಿ ದಿನದಿನಕ್ಕೆ ಅಗಲವಾಗುತ್ತಿರುವುದರಿಂದ ದೋಣಿಗೂ ಜಾಗ ಬಿಡುವುದು.

(ಛ) ಇನ್ನು ಮುಂದೆ ಯಾವುದೇ ವಿದ್ಯಾರ್ಥಿಯು ಪ್ರಯೋಗ ಮಾಡುವ ಮುನ್ನ ಅದರ ಫಲಿತಾಂಶವನ್ನು ಇಲಾಖೆಗೆ ಕಳುಹಿಸಿ ಅನುಮೋದನೆ ಪಡೆಯಬೇಕು. ಅನುಮೋದಿತ ಫಲಿತಾಂಶ ಕೈಸೇರಿದ ನಂತರ ಪ್ರಯೋಗದ ಅಗತ್ಯ ಉಳಿಯುವುದಿಲ್ಲವಾದ್ದರಿಂದ, ಸಮಯದ ಉಳಿತಾಯವಾಗುತ್ತದೆ.

೧೦. ವಿಜ್ಞಾನದ ಮೇಡಂ ಅವರಿಗೆ, ಹುಡುಗಿಯ ಕೈಯಿಂದ ದಾರವನ್ನು ಬಿಚ್ಚಿಸುವಂತೆ ಮೌಖಿಕವಾಗಿ ಸೂಚಿಸಲಾಗಿತ್ತು. ಅವರು "ಅವಳು ಮಾಡಿದ್ದರಲ್ಲಿ ತಪ್ಪು ಯಾವುದು ಅಂತ ಹೇಳಿ, ಈಗಲೇ ಬಿಚ್ಚಿಸ್ತೀನಿ" ಎಂದು ಉತ್ತರಿಸಿರುತ್ತಾರೆ. ತಪ್ಪನ್ನು ಹುಡುಕಲು ಎರಡನೇ ಸಮಿತಿಯನ್ನು ರಚಿಸಲಾಗಿದ್ದು, ಅದು ಇನ್ನೂ ಕೋಣೆಯ ಹೊರಗೇ ನಿಂತಿದೆ. ಒಳಗೆ ಹೋಗಲು ಸದಸ್ಯರು "ನೀವು ಮೊದಲು ಹೋಗಿ, ನೀವು ಹಿರಿಯರು" ಎಂದು ಪರಸ್ಪರ ಗೌರವ ತೋರುತ್ತಿರುವುದೇ ವಿಳಂಬಕ್ಕೆ ಕಾರಣ.

೧೧. ಇಷ್ಟಾಗಿಯೂ ಇಲಾಖೆಯು ಮಕ್ಕಳ ವಿಷಯದಲ್ಲಿ ತಾಯಿಯ ಹೃದಯ ಹೊಂದಿರುವುದರಿಂದ, ಈ ಕೆಳಗಿನ ಔದಾರ್ಯವನ್ನು ಪ್ರಕಟಿಸಲಾಗಿದೆ. ವಿದ್ಯಾರ್ಥಿನಿ ಚೋಟು ದಾರದ ಕೆಳತುದಿಯನ್ನು ಎಳೆದು, ಗೋಡೆಯ ಬುಡದಲ್ಲಿ ಒಂದು ಮೊಳೆ ಹೊಡೆದು, ಅದಕ್ಕೆ ಬಿಗಿಯಾಗಿ ಕಟ್ಟಿದಲ್ಲಿ, ಆಕೆಯ ಪ್ರಯೋಗವು ಯಶಸ್ವಿಯಾಯಿತೆಂದು ಘೋಷಿಸಿ, ಗಣ್ಯರ ಅಮೃತಹಸ್ತದಿಂದ ಪ್ರಥಮ ಬಹುಮಾನದ ಕಪ್ಪು, ಪ್ರಶಸ್ತಿಪತ್ರ ಹಾಗೂ ಭೌತಶಾಸ್ತ್ರದಲ್ಲಿ ಪೂರ್ಣ ಅಂಕಗಳನ್ನು ನೀಡಲಾಗುವುದು. ಆಕೆಯ ತಂಗಿಗೆ ಗೋಡೆಯಿಂದ ದೂರದ ಬೆಂಚನ್ನು ಸಹ ದಯಪಾಲಿಸಲಾಗುವುದು. ಗೋಡೆಯ ಪಕ್ಕದ ಬೆಂಚಿಗೆ ಅಕ್ಕಂದಿರಿಲ್ಲದ ಮಗುವೊಂದನ್ನು ಗುರುತಿಸಲು ಮುಖ್ಯೋಪಾಧ್ಯಾಯರಿಗೆ ಸೂಚಿಸಲಾಗಿದೆ.

೧೨. ಈ ಸುತ್ತೋಲೆಯು ತಕ್ಷಣದಿಂದ ಜಾರಿಗೆ ಬಂದಿದ್ದು, ಗೋಡೆ ನಿಂತಿರುವವರೆಗೂ ಜಾರಿಯಲ್ಲಿರುತ್ತದೆ.

(ಸಹಿ ಇದೆ, ಮೊಹರು ಇಲ್ಲ)
ಉಪನಿರ್ದೇಶಕರು
ಕೈಚಟುವಟಿಕೆ ನಿಯಂತ್ರಣ ವಿಭಾಗ

ಪ್ರತಿಗಳು:

೧) ಎಲ್ಲ ಮುಖ್ಯೋಪಾಧ್ಯಾಯರಿಗೆ. ಕುರ್ಚಿಯಿಂದ ಕೆಳಗಿಳಿದ ನಂತರ ಓದಿಕೊಳ್ಳುವುದು.

೨) ಗುತ್ತಿಗೆದಾರರಿಗೆ, ಮಾಹಿತಿಗಾಗಿ. ಅಕ್ಕ ಮನೆಗೆ ಊಟಕ್ಕೆ ಕರೆದಿರುವುದನ್ನೂ ಇದರೊಂದಿಗೆ ತಿಳಿಸಲಾಗಿದೆ.

೩) ಗುರುತ್ವಾಕರ್ಷಣೆಗೆ, ತಕ್ಕ ಕ್ರಮಕ್ಕಾಗಿ. ವಿಳಾಸ ಲಭ್ಯವಿಲ್ಲದ ಕಾರಣ ಕಚೇರಿಯ ಕಿಟಕಿಯಿಂದ ಕೆಳಕ್ಕೆ ಬಿಡಲಾಗಿದ್ದು, ತಲುಪಿದೆ.

೪) ವಿಜ್ಞಾನದ ಮೇಡಂ ಅವರಿಗೆ, ಕಾರಣ ಕೇಳುವ ನೋಟಿಸಿನೊಂದಿಗೆ.

೫) ವಿದ್ಯಾರ್ಥಿನಿ ಚೋಟುವಿಗೆ, ಮುಂಗಡವಾಗಿ ಕಪ್ಪು ಹಾಗೂ ಮೊಳೆ ಸಹಿತ, ಜವಾನನ ಮೂಲಕ ಖುದ್ದಾಗಿ.

ಜವಾನನ ಷರಾ: ಹುಡುಗಿ ಕೋಣೆಯ ಬಾಗಿಲಿಗೆ ಅಡ್ಡ ಕೂತಿದ್ದಳು. ಬೆಂಚು ತೋರಿಸಲೆಂದು ಕರೆತಂದಿದ್ದ ಒಂದನೇ ತರಗತಿಯ ಮಕ್ಕಳನ್ನೆಲ್ಲ ಮೇಡಂ ಒಳಗೆ ಬಿಡದೆ ಅಂಗಳದಲ್ಲಿ ಸಾಲಾಗಿ ಕೂರಿಸಿಕೊಂಡು ಪಾಠ ಮಾಡುತ್ತಿದ್ದರು. ಕಪ್ಪು ಕೊಟ್ಟೆ, ಮುಟ್ಟಲಿಲ್ಲ. ತಂಗಿಗೆ ಬೇರೆ ಬೆಂಚು ಕೊಡುತ್ತಾರಂತೆ ಎಂದೆ. "ಆ ಬೆಂಚಲ್ಲಿ ಯಾರನ್ನ ಕೂರಿಸ್ತಾರೆ ಮಾಮ?" ಅಂತ ಕೇಳಿದಳು. ಇರಲಿ ತಗೋಮ್ಮ, ದೊಡ್ಡವರು ಕೊಟ್ಟಿದ್ದು ಎಂದೆ. "ಬೇಡ. ಕಪ್ಪೂ ಬೇಡ, ಮೊಳೆನೂ ಬೇಡ. ನಾನು ಕಟ್ಟಲ್ಲ" ಎಂದಳು.