ಎಲ್ಲಕ್ಕೂ ಎರಡು ಬೇಕೆಂದ ಸಾಹೇಬರು

ನಗಬಾರದ ಜಾಗದಲ್ಲೇ ನಗು ಬರುವುದು. ಮಹಾಪೆಯ ನಮ್ಮ ಆಫೀಸಿನಲ್ಲಿ ಎಲ್ಲರೂ ಗಂಭೀರ. ಅದಕ್ಕೇ ನನ್ನ ಗತಿ ಹೀಗಾಗಿದೆ. ಡೇಟಾ ಸೆಂಟರ್‌ಗಳಿಗೆ ನೆಟ್‌ವರ್ಕ್ ಪ್ಲ್ಯಾನ್ ಮಾಡುವ ಆಫೀಸು ಅದು. ಅಲ್ಲಿ ಚಹಾ, ಕಸ, ಎರಡೂ ನನ್ನದೇ. ಮ್ಯಾನೇಜರ್ ಸಾಹೇಬರು ಉಡುಪಿ ಕಡೆಯವರು, ನಾವು ವಿಜಯಪುರದವರು. ನನ್ನ ಓದು ಹತ್ತನೇ ಕ್ಲಾಸಿಗೆ ನಿಂತಿತು. ಬಾಯಿ ಮಾತ್ರ ನಿಂತಿಲ್ಲ.

ಒಂದೇ ಖೋಲಿ

"ಒಂದೇ ಮಷೀನು, ಆದರೆ ಹತ್ತು ಮಷೀನಿನ ಹಾಗೆ ಕೆಲಸ ಮಾಡ್ತದೆ. ಗೊತ್ತಾಯ್ತಾ ಮಾರಾಯ್ತಿ?" ಎಂದರು ಸಾಹೇಬರು.

"ಗೊತ್ತಾತ್ರಿ ಸರ್. ಡೊಂಬಿವಲಿಯಾಗ ನಮ್ಮದೂ ಒಂದ ಖೋಲಿ. ಮುಂಜಾನೆ ಅಡಗಿಮನಿ, ಮಧ್ಯಾಹ್ನ ಮಗಳ ಸಾಲಿ, ರಾತ್ರಿ ಬೆಡ್‌ರೂಮ್."

ಸಾಹೇಬರಿಗೆ ಬಹಳ ಹಿಡಿಸಿತು. ಮರುದಿನ ಮೀಟಿಂಗ್‌ನಲ್ಲಿ ಇದನ್ನೇ ಹೇಳಿದರು. "ಲೋಡ್ ಜಾಸ್ತಿಯಾದರೆ?" ಎಂದು ಯಾರೋ ಕೇಳಿದರು. ಟ್ರೇ ಹಿಡಿದು ನಿಂತಿದ್ದ ನಾನೇ ಹೇಳಿದೆ: "ನಾದಿನಿ ಸಂಸಾರ ಬಂತಂದ್ರ ಗಂಡ ಗ್ಯಾಲರಿಯಾಗ ಮಲಗತಾನ್ರಿ."

ಭವಿಷ್ಯ

ಗಿರಾಕಿಗಳಿಗೆ ತೋರಿಸಲೆಂದು ಹಾಲ್‌ನಲ್ಲಿ ಒಂದು ಮಾದರಿ ಬ್ಲಾಕ್ ನಿಲ್ಲಿಸಿದರು. ಒಂದಿಷ್ಟು ಮಷೀನು, ಅವುಗಳದೇ ವೈರು. ಕೆಲಸ ಹೆಚ್ಚಿದಂತೆ ಇಂಥದೇ ಇನ್ನೊಂದು ಬ್ಲಾಕ್ ಸೇರಿಸುವುದಂತೆ, ಲೋಕಲ್ ರೈಲಿಗೆ ಡಬ್ಬಿ ಜೋಡಿಸಿದ ಹಾಗೆ. ಅದಕ್ಕೆಂದು ಅರ್ಧ ಹಾಲ್ ಖಾಲಿ ಬಿಟ್ಟು, ಸುತ್ತ ಹಳದಿ ಪಟ್ಟಿ ಅಂಟಿಸಿ, "ಇದು ಭವಿಷ್ಯಕ್ಕೆ, ಯಾರೂ ಮುಟ್ಟಬಾರದು" ಎಂದರು ಸಾಹೇಬರು. ವಾರದೊಳಗೆ ಅಲ್ಲಿ ಹೆಲ್ಮೆಟ್, ಛತ್ರಿ, ಮುರಿದ ಕುರ್ಚಿ, ಯಾರದೋ ಮನೆಯ ಗಣಪತಿ ಮಂಟಪದ ಥರ್ಮೋಕೋಲ್ ಬಂದು ಕೂತವು. ಎರಡನೇ ಬ್ಲಾಕ್ ಬಂದ ದಿನ ನಾನೇ ಹೋಗಿ ಸಾಹೇಬರಿಗೆ ತಿಳಿಸಿದೆ: "ಸರ್, ಭವಿಷ್ಯ ಫುಲ್ ಆಗೇತ್ರಿ."

ಜೋಡಿ

ಸಾಹೇಬರ ಮಂತ್ರ: ಎಲ್ಲಕ್ಕೂ ಎರಡು ಬೇಕು. ವೈರು ಎರಡು, ಸ್ವಿಚ್ಚು ಎರಡು. ಒಂದು ಕೆಟ್ಟರೆ ಇನ್ನೊಂದು ನಡೆಸಬೇಕು.

ಗಿರಾಕಿಗಳು ಬರುವ ದಿನವೇ ಮಗಳ ಬಾಲವಾಡಿಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಅವಳು ಮೊದಲ ಸಲ ಸ್ಟೇಜಿನ ಮೇಲೆ ಕುಣಿಯುವವಳಿದ್ದಳು. ನೋಡಲೇಬೇಕೆಂದು ರಜೆ ಕೇಳಿದೆ.

"ಅದೇ ದಿವಸ ಎಂತ ರಜೆ? ಚಹಾ ಯಾರು ಕೊಡುವುದು?"

"ಎಲ್ಲಾದಕ್ಕೂ ಎರಡು ಬೇಕಂತೀರಲ್ರಿ ಸರ್. ನನ್ನ ಎರಡನೇದು ಎಲ್ಲೈತ್ರಿ?"

ಸಾಹೇಬರು ತಲೆ ಕೆರೆದುಕೊಂಡರು. "ಬ್ಯಾಕಪ್ ತಂದು ಬಿಟ್ಟು ಹೋಗು."

ತಂದುಬಿಟ್ಟೆ, ನಮ್ಮ ಅತ್ತೆಯನ್ನು!

ಬ್ಯಾಕಪ್

ಮಗಳು ಸ್ಟೇಜಿಗೆ ಬಂದಳು. ನನ್ನನ್ನು ನೋಡಿದಳು. ಕುಣಿಯಲಿಲ್ಲ. ಇಡೀ ಸಭೆಗೆ ಕೇಳುವಂತೆ ಬಾಲವಾಡಿಯ ಮರಾಠಿಯಲ್ಲಿ "ಆಜೀ ಕುಠೇ ಆಹೇ?" ಎಂದಳು. ಅಜ್ಜಿ ಎಲ್ಲಿ ಅಂತ.

"ನಾ ಬಂದೀನಲ್ಲ!" ಎಂದೆ. ಅಳು ಶುರು. ಬೇರೆ ದಾರಿ ಕಾಣದೆ ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಎತ್ತಿದವರು ನನಗೆ ಹಲೋ ಕೂಡ ಅನ್ನದೆ ಅಲ್ಲಿ ಯಾರಿಗೋ ಗುಡುಗುತ್ತಿದ್ದರು: "ಏ ತಮ್ಮಾ, ಕೈ ತಗೀ! ಹಾಕಿದ್ದನ್ನ ಯಾಕ ಕೀಳ್ತೀಯೋ?"

ಅಜ್ಜಿಯ ಬೈಗುಳ ಕೇಳಿದ್ದೇ ಮಗಳು ಕಣ್ಣೊರೆಸಿಕೊಂಡು ಕುಣಿಯತೊಡಗಿದಳು. ನಾನು ಕಣ್ತುಂಬ ನೋಡಿದೆ.

ಆ ತಮ್ಮ ಯಾರೆಂದು ಸಂಜೆ ತಿಳಿಯಿತು: ಮ್ಯಾನೇಜರ್ ಸಾಹೇಬರು! ಒಂದು ವೈರು ಹೋದರೂ ಇನ್ನೊಂದು ನಡೆಸುತ್ತದೆ ಎಂದು ತೋರಿಸಲು ಅವರು ಒಂದನ್ನು ಕಿತ್ತರೆ, ಅತ್ತೆ ಅವರ ಕೈಗೆ ಚಟ್ಟನೆ ಹೊಡೆದು ವಾಪಸ್ ಸಿಕ್ಕಿಸುತ್ತಿದ್ದರಂತೆ. ಮತ್ತೆ ಕಿತ್ತರೆ, ಮತ್ತೆ ಏಟು. "ರಿಪೇರಿ ಇಷ್ಟು ಬೇಗ ಆಗುತ್ತದೆಯೇ!" ಎಂದು ಗಿರಾಕಿಗಳು ಮೆಚ್ಚಿ ಪ್ಲ್ಯಾನ್ ಒಪ್ಪಿಕೊಂಡರಂತೆ.

ಅಷ್ಟರಲ್ಲಿ ಸಾಹೇಬರದೇ ಫೋನು. "ಇನ್ನು ಮುಂದೆ ಗಿರಾಕಿಗಳು ಬಂದಾಗ ನಿನ್ನ ಅತ್ತೆಯೇ ಮೇನ್. ನೀನು ಬ್ಯಾಕಪ್."

"ಆಗ್ಲಿ ಸರ್," ಎಂದೆ. "ನನಗೇನ ಹೊಸಾದಲ್ಲ. ಮನಿಯಾಗೂ ಹಂಗ ಐತ್ರಿ."