ಖಾಲಿ ಟ್ಯೂಬಿನ ಅತಿಥಿ

ಶುದ್ಧಪ್ಪನ ಬಲದವಡೆಯ ಹಲ್ಲು ವಾರದಿಂದ ಅವನನ್ನು ಗೋಳು ಹುಯ್ದುಕೊಳ್ಳುತ್ತಿತ್ತು.

“ಇವತ್ತಾದ್ರೂ ಹಲ್ಲಿನ ಡಾಕ್ಟ್ರ ಹತ್ರ ಹೋಗಿ ಬನ್ನಿ,” ಎಂದು ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

ಹಲ್ಲು ಕೊರೆಯುವ ಡ್ರಿಲ್ಲಿನ ಸದ್ದು ನೆನೆದರೇ ದಾರಿ ಬದಲಿಸುವ ಆಸಾಮಿ ಅವನು. “ಇವತ್ತು ಆಗಲ್ಲ ಕಣೇ! ನೆಲದಾಳದ ಬಂಡೆ ನೀರಲ್ಲಿ, ಯಾರೂ ಅಲ್ಲಿ ಕಾಣದ ಬ್ಯಾಕ್ಟೀರಿಯಾ ಸಿಕ್ಕಿದೆ. ನಮ್ಮ ಲ್ಯಾಬಿನ ಮೇಡಂ ಒಪ್ಪಿದ್ರೆ ನಾನು ದೊಡ್ಡ ಮನುಷ್ಯ.”

“ಒಪ್ಪದಿದ್ರೆ?”

“ಸಂಜೆಗೇ ಡಾಕ್ಟ್ರು. ಮಾತು ಕೊಟ್ಟೆ.”

ಶುದ್ಧಪ್ಪ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಲ್ಯಾಬಿನಲ್ಲಿ ಅವನಂಥ ಮಡಿವಂತ ಇನ್ನೊಬ್ಬನಿರಲಿಲ್ಲ. ಒಂದೊಂದು ಟ್ಯೂಬಿಗೂ ಹೊಸ ಗ್ಲೌಸ್ ಹಾಕುತ್ತಿದ್ದ.

ಮೇಡಂ ಫಲಿತಾಂಶ ನೋಡಿ ಕೇಳಿದ್ದು ಒಂದೇ ಮಾತು: “ಖಾಲಿ ಟ್ಯೂಬ್ ಏನು ಹೇಳುತ್ತೆ?”

ಖಾಲಿ ಎಂದರೆ ಅದರಲ್ಲಿ ಬಂಡೆಯ ನೀರಿಲ್ಲ. ಬರೀ ಶುದ್ಧ ನೀರು. ಉಳಿದ ಟ್ಯೂಬುಗಳ ಜೊತೆ ಅದಕ್ಕೂ ಎಲ್ಲ ಸಂಸ್ಕಾರ ಆಗಿತ್ತು. ಅಲ್ಲಿ ಏನೂ ಕಾಣಬಾರದು. ಕಂಡರೆ ಅದು ಹೊರಗಿನಿಂದ ಸೇರಿದ ಕೊಳೆ. ಮೇಡಂ ಅದರ ಫಲಿತಾಂಶ ತೆರೆದು ನೋಡಿದರೆ, ಅದೇ ಬ್ಯಾಕ್ಟೀರಿಯಾ ಮಾವನ ಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿ ಕೂತಿತ್ತು!

“ಪಕ್ಕದ ಮೇಜಿನ ಅಕ್ಕ ಬನ್ ತಿಂತಾ ಕೆಲ್ಸ ಮಾಡ್ತಾರೆ,” ಎಂದ ಗಡ್ಡದ ಸಹೋದ್ಯೋಗಿ.

“ನಿನ್ನ ಗಡ್ಡದಲ್ಲಿ ಏನೇನಿದ್ಯೋ, ಮೊದ್ಲು ಅದನ್ನ ನೋಡ್ಕೋ!” ಎಂದಳು ಅಕ್ಕ.

“ಇಬ್ರದ್ದೂ ಇರ್ಬೇಕು,” ಎಂದು ಶುದ್ಧಪ್ಪ ಉರಿಯುವ ಬೆಂಕಿಗೆ ತುಪ್ಪ ಸುರಿದ.

“ಜಗಳ ಬೇಡ,” ಎಂದರು ಮೇಡಂ. “ಅವತ್ತು ಹೇಗೆ ಮಾಡಿದ್ರೋ ಹಾಗೇ ಮಾಡಿ ತೋರಿಸಿ.”

ಶುದ್ಧಪ್ಪ ಎದೆಯುಬ್ಬಿಸಿ ಮುಂದೆ ಬಂದ. ಮೊಣಕೈವರೆಗೆ ಕೈ ತೊಳೆದ. ತೆರೆದ ಟ್ಯೂಬುಗಳ ಮುಂದೆ ಕೂತು, ಅಂಟಿಕೊಂಡಿದ್ದ ಗ್ಲೌಸನ್ನು ಬಾಯಿಗೆ ಹಿಡಿದು ‘ಉಫ್’ ಎಂದು ಊದಿದ. ಬೆರಳುಗಳು ಉಬ್ಬಿದವು, ತೊಟ್ಟ. ಒಂದು ಟ್ಯೂಬ್ ಮುಗಿಯಿತು. ಇನ್ನೊಂದು ಗ್ಲೌಸ್. ಉಫ್. ಮತ್ತೊಂದು. ಉಫ್.

ಜಗಳವಾಡುತ್ತಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡರು.

“ನಿಮಗೆ ಸಿಕ್ಕಿದ್ದು ಬಾಯಲ್ಲಿರೋ ಬ್ಯಾಕ್ಟೀರಿಯಾ,” ಎಂದರು ಮೇಡಂ ಮೆಲ್ಲಗೆ. “ಅದರಲ್ಲೂ ಒಸಡಲ್ಲಿ ಕೀವಾದ್ರೆ ಜಾಸ್ತಿ. ನೋವು ಯಾವ ಕಡೆ?”

ಅವನ ಕೈ ತಾನಾಗಿ ಬಲಗೆನ್ನೆಗೆ ಹೋಯಿತು. ಮರ್ಯಾದೆ ಮೂರಾಬಟ್ಟೆಯಾದರೂ ಮೆಚ್ಚದಿರಲಾಗಲಿಲ್ಲ. “ಎಂಥಾ ಕಣ್ಣು ಮೇಡಂ ನಿಮ್ದು! ನನ್ನ ಹಲ್ಲನ್ನ ನೀರಲ್ಲೇ ಕಂಡುಬಿಟ್ರಲ್ಲ!” ಎಂದ. ಆ ಮೆಚ್ಚುಗೆ ನಿಜವಾದದ್ದೇ.

ಕೊಟ್ಟ ಮಾತಿನಂತೆ ಸಂಜೆ ಅವನು ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ. ಡಾಕ್ಟರು ಅವನ ಬಾಯಿಗೆ ಹತ್ತಿ ತುಂಬಿ, ಡ್ರಿಲ್ ಸಿದ್ಧಮಾಡಿ, ಹೊಸ ಗ್ಲೌಸ್ ಎಳೆದರು. ಅದು ಅಂಟಿಕೊಂಡಿತ್ತು. ಅವನ ಮುಖದ ಮೇಲೆಯೇ ಹಿಡಿದು ಊದಿದರು.

“ಉಫ್!”