ಬನ್ನಿಮಂಟಪದ ಜಪಾನ್ ಕೋಳಿ

ನಮ್ಮ ಮೈಸೂರಿನಲ್ಲಿ ಯಾರೇ ಹೊಸದಾಗಿ ಕೋಳಿ ಹೋಟೆಲ್ ತೆರೆಯಲಿ, ಕೋಳಿಗಿಂತ ಮೊದಲು ಬಲಿಯಾಗುವವರು ನೆಂಟರು. ರುಚಿ ನೋಡಲು ಕರೆಯುತ್ತಾರೆ, ತಿನ್ನುವಾಗ ನಮ್ಮ ಬಾಯನ್ನೇ ನೋಡುತ್ತ ನಿಲ್ಲುತ್ತಾರೆ, ನುಂಗುವ ಮೊದಲೇ ‘ಹೆಂಗಿದೆ?’ ಅನ್ನುತ್ತಾರೆ. ಇಂಥ ಪರೀಕ್ಷೆಗೆ ನಾನು ಎಷ್ಟೋ ಸಲ ಕೂತು ಪಾಸಾಗಿದ್ದೇನೆ. ಆದರೆ ನನ್ನ ಭಾಮೈದ, ಅಂದರೆ ಹೆಂಡತಿಯ ತಮ್ಮ, ಕೊಟ್ಟಷ್ಟು ಕಾಟವನ್ನು ಇನ್ನು ಯಾರೂ ಕೊಟ್ಟಿಲ್ಲ.

೧. ಬೋರ್ಡು

ನಮ್ಮ ಮಾವನವರು ಬನ್ನಿಮಂಟಪದಲ್ಲಿ ಮಿಲಿಟರಿ ಹೋಟೆಲ್ ನಡೆಸುತ್ತಿದ್ದರು. ನಾಟಿಕೋಳಿ ಸಾರು, ಮುದ್ದೆ, ತಲೆಮಾಂಸ, ಅಷ್ಟೇ. ಉಪ್ಪು ಹೆಚ್ಚಾದ ಸಾರನ್ನು ಗಿರಾಕಿಯ ತಟ್ಟೆಗೆ ಹಾಕಿದವರಲ್ಲ. ಅವರು ತೀರಿಕೊಂಡ ಮೇಲೆ ಭಾಮೈದ ಗಲ್ಲಾದಲ್ಲಿ ಕೂತ. ಕೂತವನು ಸುಮ್ಮನಿರದೆ ಮೊಬೈಲ್ ನೋಡಿದ. ಒಂದು ದಿನ ನಮ್ಮ ಸಿದ್ಧಾರ್ಥನಗರದ ಮನೆಗೆ ಬಂದು, ‘ಭಾವ, ಹೋಟ್ಲನ್ನ ಜಪಾನ್ ಫ್ರೈಡ್ ಚಿಕನ್ ಮಾಡ್ಬುಡ್ತಾ ಇದೀನಿ’ ಅಂದ.

‘ಜಪಾನ್‌ಗೆ ಹೋಗಿದ್ಯೇನೋ?’

‘ಇಲ್ಲ. ಆನ್‌ಲೈನ್ ಕೋರ್ಸ್ ಮಾಡ್ದೆ. ಸರ್ಟಿಫಿಕೇಟೂ ಬಂದಿದೆ.’

‘ಆ ಕೋಳಿ ತಿಂದಾದ್ರೂ ನೋಡಿದ್ಯಾ?’

‘ಎಲ್ಲಿ ಭಾವ, ಅದು ಸ್ಕ್ರೀನ್ ಒಳಗಿತ್ತಲ್ಲ!’

ಅತ್ತೆಗೆ ಇದು ಸುತರಾಂ ಇಷ್ಟವಿರಲಿಲ್ಲ. ಕಟ್ಟಡ ಅವರ ಹೆಸರಿನಲ್ಲಿತ್ತು. ‘ದಸರಾವರ್ಗೂ ನೋಡ್ತೀನಿ ಕಣೋ. ನಿಮ್ಮಪ್ಪ ಮೆಚ್ಚೋ ಹಂಗೆ ನಡೆದ್ರೆ ಸರಿ. ಇಲ್ದಿದ್ರೆ ಬೋರ್ಡು ಇಳಿಸಿ ಮುದ್ದೆ ಪಾತ್ರೆ ಹತ್ತಿಸ್ತೀನಿ’ ಅಂದರು. ಆ ಮಾತು ಕೇಳಿ ಇವನ ಮುಖ ಬಾಡಿತು. ಆದರೂ ಮಾರನೆಯ ವಾರವೇ ಬಾಗಿಲ ಮೇಲೆ ಜಪಾನಿನ ಅಕ್ಷರದ ದೊಡ್ಡ ಬೋರ್ಡು ಬಂತು.

‘ಏನಂತ ಬರ್ದಿದೆಯೋ?’ ಎಂದು ಕೇಳಿದೆ.

ಕತ್ತೆತ್ತಿ ಸ್ವಲ್ಪ ಹೊತ್ತು ನೋಡಿ, ‘ಪೇಂಟರ್‌ನ ಕೇಳ್ಬೇಕು ಭಾವ’ ಅಂದ.

೨. ಮುಹೂರ್ತ

ಎಲ್ಲ ಸಿದ್ಧವಾದಾಗ ಆಷಾಢ. ಆಷಾಢದಲ್ಲಿ ಒಳ್ಳೆ ಕೆಲಸ ಶುರು ಮಾಡಬಾರದು. ಜೋಯಿಸರು ಪಂಚಾಂಗ ತಿರುವಿ, ಆಷಾಢ ಕಳೆದ ಕೂಡಲೇ ಬರುವ ಸೋಮವಾರ ದಿವ್ಯವಾಗಿದೆ, ಇಂಥ ಗಳಿಗೆ ಮತ್ತೆ ಸಿಗದು ಅಂದರು. ಭಾಮೈದ ಊರಿಗೆಲ್ಲ ಹೇಳಿದ. ವಿಜಯನಗರದಿಂದ ನೆಂಟರು ಬಂದರು, ಅಕ್ಕಪಕ್ಕದ ಅಂಗಡಿಯವರು ಬಂದರು. ಹೋಮದ ಹೊಗೆ ಇಳಿಯಿತು, ಮಂಗಳಾರತಿ ಆಯಿತು, ಬಾಣಲೆ ಕಾದು ಕೋಳಿ ಹೊರಗೆ ಬಂತು. ಒಬ್ಬರೂ ಕೈ ಮುಂದೆ ಮಾಡಲಿಲ್ಲ.

‘ಯಾಕೆ, ತಗೊಳ್ರೀ!’ ಅಂದ ಇವನು.

‘ಶ್ರಾವಣ ಸೋಮವಾರ ಕಣಪ್ಪ’ ಎಂದರು ವಿಜಯನಗರದ ದೊಡ್ಡಮ್ಮ, ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು. ‘ತಿಂಗ್ಳು ಪೂರ್ತಿ ನಾವು ಮುಟ್ಟಲ್ವಲ್ಲ!’

ಇವನೂ ಅದೇ ಮನೆಯಲ್ಲಿ ಹುಟ್ಟಿ ಬೆಳೆದವನು. ಪ್ರತಿ ವರ್ಷ ಶ್ರಾವಣದಲ್ಲಿ ಇವನೂ ಬಾಯಿ ಕಟ್ಟಿದವನೇ. ಮುಹೂರ್ತದ ಭರದಲ್ಲಿ ತಿಂಗಳನ್ನೇ ಮರೆತಿದ್ದ. ಬಂದವರೆಲ್ಲ ಕೋಳಿಯ ಪಕ್ಕಕ್ಕೆಂದು ಹೆಚ್ಚಿಟ್ಟಿದ್ದ ಹಸಿ ಎಲೆಕೋಸು ಮೆಲ್ಲುತ್ತಾ ಶುಭ ಕೋರಿದರು. ಕೋಳಿ ತಣ್ಣಗಾಯಿತು.

ಇವನು ಸಿಟ್ಟಿನಿಂದ ಜೋಯಿಸರನ್ನು ಹಿಡಿದುಕೊಂಡ. ಅವರು ದಕ್ಷಿಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ ಅಂದರು: ‘ನೀವು ಮುಹೂರ್ತ ಕೇಳಿದಿರಿ, ಮೆನು ಹೇಳಲಿಲ್ಲ.’

೩. ಮೂಳೆ

ಶ್ರಾವಣ ಹೇಗೋ ಕಳೆಯಿತು. ಮಾವನವರ ಕಾಲದ ಗಿರಾಕಿ, ನಿವೃತ್ತ ಬಸ್ ಕಂಡಕ್ಟರ್ ಒಬ್ಬರು, ಹಳೇ ವಿಶ್ವಾಸಕ್ಕೆ ಊಟಕ್ಕೆ ಬಂದರು. ಅವತ್ತು ನಾನೂ ಅಲ್ಲಿದ್ದೆ, ಮತ್ತೊಂದು ಪರೀಕ್ಷೆಗೆ. ಭಾಮೈದ ಹಳೇ ಬೆಂಚುಗಳನ್ನೆಲ್ಲ ತೆಗೆಸಿ ಚಾಪೆ ಹಾಸಿ, ಮೊಣಕಾಲೆತ್ತರದ ಮೇಜು ಇಡಿಸಿದ್ದ. ಕಂಡಕ್ಟರು ಸೊಂಟ ಹಿಡಿದುಕೊಂಡು ಕೆಳಗೆ ಕೂತರು.

‘ಮನೇಲಿ ನೆಲದ ಮೇಲೆ ಕೂತು ಸಾಕಾಗಿ ತಾನೇ ನಾನು ಹೋಟ್ಲಿಗೆ ಬರೋದು?’ ಅಂದರು.

‘ಜಪಾನಲ್ಲಿ ಹಿಂಗೇ ಸಾರ್.’

ತಟ್ಟೆ ಬಂತು. ಉಂಡೆ ಉಂಡೆ ಕೋಳಿ, ಪಕ್ಕದಲ್ಲಿ ಎರಡು ಮರದ ಕಡ್ಡಿ. ಅವರು ಒಂದು ತುಂಡು ಬಾಯಿಗೆ ಹಾಕಿಕೊಂಡು ಅಗಿದರು, ಏನನ್ನೋ ಹುಡುಕುವವರಂತೆ ನಾಲಿಗೆ ಹೊರಳಿಸಿದರು, ನುಂಗಿದರು. ಇನ್ನೊಂದು ತುಂಡಿಗೂ ಅದೇ ತನಿಖೆ.

‘ಮೂಳೆ ಎಲ್ಲಪ್ಪ?’

‘ಇದ್ರಲ್ಲಿ ಮೂಳೆ ಇರಲ್ಲ ಸಾರ್. ಅದೇ ಇದ್ರ ಸ್ಪೆಷಲ್ಲು.’

ನಿಮ್ಮಪ್ಪನ ಸಾರಿನಲ್ಲಿ ಮೂಳೆ ಚೀಪುವುದೇ ಅರ್ಧ ಊಟವಾಗಿತ್ತು ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ ಆ ಎರಡು ಕಡ್ಡಿಗಳನ್ನು ಎತ್ತಿ ಹಿಂದೆ ಮುಂದೆ ನೋಡಿ, ‘ಓಹೋ, ಅದಕ್ಕೇ ಇದನ್ನ ಕೊಟ್ಟಿದ್ದೀಯಾ, ಚೀಪಕ್ಕೆ?’ ಅಂದರು.

೪. ಎದುರಿನ ಗಾಡಿ

ನಿಜ ಹೇಳುತ್ತೇನೆ, ಆ ಕೋಳಿ ಎಂದರೆ ಖಾರ ಹಾಕದ, ಬಣ್ಣ ಹಾಕದ ಕಬಾಬು. ಅದಕ್ಕೆ ಕಬಾಬಿನ ಎರಡರಷ್ಟು ಬೆಲೆ. ಸರಿಯಾಗಿ ರಸ್ತೆಯ ಆಚೆ ಬದಿಯಲ್ಲಿ ಒಂದು ಕಬಾಬ್ ಗಾಡಿ ನಿಲ್ಲುತ್ತಿತ್ತು. ಸಂಜೆಯಾದರೆ ಅಲ್ಲಿ ಜನ ಬೈಕಿನ ಮೇಲೆ ಬೈಕು ನಿಲ್ಲಿಸಿ ಮುಗಿಬೀಳುತ್ತಿದ್ದರು. ಬೈಕು ನಿಲ್ಲಿಸಲು ಜಾಗ ಸಾಲದಿದ್ದರೆ ಮಾತ್ರ ಇವನ ಹೋಟೆಲಿನ ಮುಂದೆ ಬರುತ್ತಿದ್ದರು.

ಒಂದು ಸಂಜೆ ಹೋದರೆ ಭಾಮೈದ ಗಲ್ಲಾದಲ್ಲಿಲ್ಲ. ಅಡುಗೆಯವನನ್ನು ಕೇಳಿದೆ. ಅವನು ಗದ್ದದಲ್ಲೇ ರಸ್ತೆಯಾಚೆ ತೋರಿಸಿದ. ಗಾಡಿಯ ಹಿಂದೆ, ಕತ್ತಲಲ್ಲಿ, ಜಪಾನಿನ ಬಿಳಿ ಕೋಟು ತೊಟ್ಟ ನಮ್ಮವನು ಪೇಪರ್ ತಟ್ಟೆ ಹಿಡಿದು ನಿಂತಿದ್ದ.

‘ಇದೇನೋ?’

‘ಮಾರ್ಕೆಟ್ ಸ್ಟಡಿ ಭಾವ’ ಅಂದ. ತುಟಿ, ಬೆರಳು, ಕೋಟಿನ ತೋಳು ಎಲ್ಲ ಕೆಂಪಗಾಗಿತ್ತು. ಗಾಡಿಯವನು ಇನ್ನೊಂದು ತಟ್ಟೆ ಚಾಚಿ ಅಂದ: ‘ದಿನಾ ಸ್ಟಡಿ ಮಾಡ್ತಾರೆ ಸಾರ್, ಭಾಳಾ ಓದೋ ಮನುಷ್ಯ.’

೫. ಎಡೆ

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ಮಾರನೆಯ ದಿನವೇ ದಸರಾ ಶುರು, ಅಂದರೆ ಅತ್ತೆ ಕೊಟ್ಟಿದ್ದ ಗಡುವು ಮುಗಿಯಿತು. ಭಾಮೈದ ನಿದ್ದೆಗೆಟ್ಟು ಸೊರಗಿದ್ದ.

ನಮ್ಮಲ್ಲಿ ಆ ದಿನ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತೇವೆ. ಫೋಟೋದ ಮುಂದೆ ಬಾಳೆಎಲೆ ಹಾಸಿ, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಅತ್ತೆ ತಮ್ಮ ಮನೆಯಲ್ಲಿ ಮಾವನವರ ಫೋಟೋದ ಮುಂದೆ ನಾಟಿಕೋಳಿ ಸಾರು, ಮುದ್ದೆ, ತಲೆಮಾಂಸ, ವಡೆ ಎಲ್ಲ ಬಡಿಸಿದರು. ಆಗ ಭಾಮೈದ ಒಂದು ಡಬ್ಬಿ ಹಿಡಿದು ಒಳಗೆ ಬಂದ.

‘ಅಮ್ಮ, ಇದನ್ನೂ ಒಂದ್ ಮೂಲೇಲಿ ಇಡು.’

‘ನಿನ್ನ ಜಪಾನ್ ಕೋಳೀನ? ಬ್ಯಾಡ ಕಣೋ, ಹಬ್ಬದ ದಿನ.’

‘ಅಪ್ಪ ಮೆಚ್ಬೇಕು ಅಂದಿದ್ದು ನೀನೇ ಅಲ್ವಾ? ಇವತ್ತು ಬರ್ತಾರಲ್ಲ, ಅವರೇ ತೀರ್ಮಾನ ಮಾಡ್ಲಿ.’

ಅವನ ಕಣ್ಣು ತುಂಬಿತ್ತು. ಅತ್ತೆ ಒಂದು ಗಳಿಗೆ ಅವನನ್ನು ನೋಡಿ, ಎಲೆಯ ತುದಿಯಲ್ಲಿ ಜಾಗ ಮಾಡಿಕೊಟ್ಟರು. ಬಾಗಿಲು ಮುಚ್ಚಿದೆವು. ಎಲ್ಲರೂ ಜಗುಲಿಯಲ್ಲಿ ಕೂತೆವು. ನಾನು ಕೂತ ಕಡೆಯಿಂದ ಆ ಕೋಣೆಯ ಕಿಟಕಿ ಕಾಣುತ್ತಿತ್ತು. ಕಿಟಕಿಯಿಂದ ಬೀದಿಯ ಬೆಕ್ಕೊಂದು ಹೊರಗೆ ಹಾರಿ, ಕಾಂಪೌಂಡ್ ಗೋಡೆ ಹತ್ತಿ ಮೀಸೆ ನೆಕ್ಕಿಕೊಂಡಿತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಾಗಿಲು ತೆಗೆದರೆ ಸಾರು ಇದ್ದ ಹಾಗೇ ಇದೆ. ಮುದ್ದೆ ಮುರಿದಿಲ್ಲ. ತಲೆಮಾಂಸದ ಮೇಲಿನ ಕೊತ್ತಂಬರಿ ಕೂಡ ಕದಲಿಲ್ಲ. ಜಪಾನ್ ಕೋಳಿ ಮಾತ್ರ ಒಂದು ತುಂಡೂ ಇಲ್ಲ.

‘ಅಪ್ಪ ತಿಂದವ್ರೆ!’ ಎಂದು ಭಾಮೈದ ಕೂಗಿದ. ‘ನೋಡ್ದ್ಯಾ ಅಮ್ಮ, ನಿನ್ನ ಸಾರು ಮುಟ್ಟಿಲ್ಲ, ನನ್ ಕೋಳಿ ಪೂರ್ತಿ ಖಾಲಿ! ಭಾವ, ನೀವೂ ನೋಡಿದ್ರಲ್ಲ!’ ಎಂದು ನನ್ನನ್ನು ತಬ್ಬಿಕೊಂಡ. ನನ್ನ ಹೆಂಡತಿಯೂ ಕಣ್ಣೊರೆಸಿಕೊಂಡಳು. ಇನ್ನು ಜನ್ಮವಿಡೀ ಈ ಕೋಳಿಯ ಪರೀಕ್ಷೆಗೆ ಕೂರಬೇಕಲ್ಲ ಎಂದುಕೊಂಡೆ.

ಅತ್ತೆ ಮಾತ್ರ ಫೋಟೋವನ್ನೇ ನೋಡುತ್ತಾ ನಿಂತಿದ್ದರು. ಆಮೇಲೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.

‘ಅವ್ರು ಬದುಕಿದ್ದಾಗ್ಲೂ ಹಿಂಗೇ ಕಣೋ’ ಅಂದರು ಮಗನಿಗೆ. ‘ಹೋಟ್ಲಲ್ಲಿ ಯಾವ್ದು ಕೆಟ್ಟೋಗಿರ್ತಿತ್ತೋ, ಗಿರಾಕಿ ಬಾಯಿಗೆ ಹೋಗ್ಬಾರ್ದು ಅಂತ ಅದನ್ನ ತಾವೇ ತಿಂದು ಮುಗಿಸ್ಬುಡೋರು. ಏಳು, ಏಣಿ ತಗಂಡ್ ಬಾ, ಬೋರ್ಡು ಇಳ್ಸು.’